ಪದ ಎಣಿಸಲು ದುಡ್ಡು ಬೇಕಿಲ್ಲ

‘ಕ್ಲಾಸ್ ಪ್ರಿಪೋನ್ ಆಗಿದೆ’, ‘ಅಪ್ಪ ಔಟ್ ಆಫ್ ಸ್ಟೇಷನ್’, ‘ಇವನು ನನ್ನ ಕಸಿನ್ ಬ್ರದರ್’. ಸ್ಟೇಟ್‌ಬ್ಯಾಂಕ್‌ನಿಂದ ಕೊಣಾಜೆಗೆ ಹೋಗುವ ಬಸ್ಸಿನಲ್ಲಿ ಇಂಥ ಮಾತು ಕಿವಿಗೆ ಬೀಳದ ದಿನವಿಲ್ಲ. ಇದು ತಪ್ಪು ಇಂಗ್ಲಿಷ್ ಎಂದು ನಗುವವರೂ ಇದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥವರಿಗೆ ಆ ನಗುವಿನ ಪರಿಚಯ ಚೆನ್ನಾಗಿಯೇ ಇದೆ. ಎಂ.ಎ. ಇಂಗ್ಲಿಷ್‌ನ ಕಿರುಪ್ರಬಂಧಕ್ಕೆ ನಾನು ಇದನ್ನೇ ಆರಿಸಿಕೊಂಡೆ. ಇವು ಕೆಲವರ ಬಾಯ್ತಪ್ಪೇ ಅಥವಾ ನಮ್ಮ ದೇಶದ ರೂಢಿಯೇ?

ಇದಕ್ಕೆ ಅಭಿಪ್ರಾಯ ಸಾಲದು, ಲೆಕ್ಕ ಬೇಕು. ಪತ್ರಿಕೆ, ಕಥೆ, ಪಠ್ಯಪುಸ್ತಕ, ಮಾತುಕತೆಗಳಿಂದ ಆಯ್ದು ಕಂಪ್ಯೂಟರಿನಲ್ಲಿ ಜೋಡಿಸಿಟ್ಟ ಭಾಷೆಯ ಮಾದರಿಯನ್ನು ‘ಕಾರ್ಪಸ್’ ಎನ್ನುತ್ತಾರೆ. ಯಾವ ಪದ ಎಷ್ಟು ಸಲ, ಯಾವ ಪದದ ಪಕ್ಕ ಬಂದಿದೆ ಎಂದು ಅದರಲ್ಲಿ ನೋಡಬಹುದು. ಬಳಕೆಯನ್ನು ಕಂಡೇ ಅರ್ಥ ಹೇಳುವುದು ನಮ್ಮೂರಿಗೆ ಹೊಸತಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕಾವ್ಯ, ಗಾದೆಗಳ ಉದಾಹರಣೆಗಳೂ ಇವೆ. ಅಷ್ಟನ್ನೂ ಕೈಯಲ್ಲೇ ಕೂಡಿಹಾಕಿದ್ದು!

ಉಚಿತವಾಗಿ ಏನು ಸಿಗುತ್ತದೆ?

ದೊಡ್ಡ ಸಂಗ್ರಹಗಳ ಪೂರ್ಣ ಪಠ್ಯಕ್ಕೆ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತಾರೆ. ವಿದ್ಯಾರ್ಥಿಯ ಜೇಬಿಗೆ ಅದು ದೂರದ ಮಾತು. ಆದರೆ ಬಿಟ್ಟಿಯಾಗಿ ಸಿಗುವುದೂ ಸಾಕಷ್ಟಿದೆ.

ಮೊದಲನೆಯದು ಬ್ರೌನ್ ಕಾರ್ಪಸ್. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳಿಂದ ಸುಮಾರು 2,000 ಪದಗಳ 500 ತುಣುಕುಗಳು, ಒಟ್ಟು 10 ಲಕ್ಷ ಪದ. ಪೈಥಾನ್ ಕಲಿಯುವವರಿಗೆ ಎನ್‌ಎಲ್‌ಟಿಕೆ ಜೊತೆಗೇ ಇದು ಸಿಗುತ್ತದೆ. ಇದರ ನೂರು ಪದಗಳಲ್ಲಿ ಸುಮಾರು ಏಳು ಬರೀ ‘ದಿ’ ಎಂಬುದನ್ನು ಎಣಿಸಿ ನೋಡಿದಾಗ ಮಜಾ ಅನಿಸಿತು. ಎರಡನೆಯದು ಬ್ರಿಟಿಷ್ ನ್ಯಾಷನಲ್ ಕಾರ್ಪಸ್. ಇದು 10 ಕೋಟಿ ಪದಗಳದ್ದು, ಅದರಲ್ಲಿ ಶೇ 10ರಷ್ಟು ಆಡುಮಾತು. 1971ರಲ್ಲಿ ಮೈಕೆಲ್ ಹಾರ್ಟ್ ಶುರು ಮಾಡಿದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಆದರೆ ಹೆಚ್ಚಿನವು ಕಾಪಿರೈಟ್ ಮುಗಿದ ಹಳೆಯ ಪುಸ್ತಕಗಳು. ಡಿಕನ್ಸ್ ಶೈಲಿ ನೋಡಲು ಒಳ್ಳೆಯದು, ಇಂದಿನ ಹುಡುಗರ ಇಂಗ್ಲಿಷ್ ಹುಡುಕಲು ಅಲ್ಲ.

ಎಣಿಸುವುದಕ್ಕೆ ಆಂಟ್‌ಕಾಂಕ್ ಎಂಬ ಉಚಿತ ತಂತ್ರಾಂಶವಿದೆ. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಅದನ್ನು ರೂಪಿಸಿದ್ದಾರೆ. ಕಡತ ತೆರೆದು ಪದ ಕೊಟ್ಟರೆ ಆ ಪದ ಇರುವ ಸಾಲುಗಳೆಲ್ಲ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ.

ನಮ್ಮ ಇಂಗ್ಲಿಷ್ ಎಲ್ಲಿದೆ?

ಅಮೆರಿಕ, ಬ್ರಿಟನ್‌ಗಳ ಚೀಲದಲ್ಲಿ ನಮ್ಮ ಮಾತನ್ನು ಹುಡುಕಿದರೆ ಸಿಗುವುದಾದರೂ ಹೇಗೆ? ಸಿಗಲಿಲ್ಲ ಎಂದಮಾತ್ರಕ್ಕೆ ಅದು ತಪ್ಪು ಎನ್ನುವಂತೆಯೂ ಇಲ್ಲ. ಇದನ್ನು ಮೊದಲೇ ಮನಗಂಡವರು ನಮ್ಮ ಪಕ್ಕದ ಕೊಲ್ಹಾಪುರದವರು. ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿ ಮತ್ತು ಸಂಗಡಿಗರು ಬ್ರೌನ್ ಮಾದರಿಯಲ್ಲೇ 1978ರ ಭಾರತೀಯ ಇಂಗ್ಲಿಷ್ ಬರಹಗಳಿಂದ 10 ಲಕ್ಷ ಪದಗಳ ಕೊಲ್ಹಾಪುರ ಕಾರ್ಪಸ್ ಕಟ್ಟಿದರು. ಇಂಟರ್‌ನ್ಯಾಷನಲ್ ಕಾರ್ಪಸ್ ಆಫ್ ಇಂಗ್ಲಿಷ್‌ನಲ್ಲೂ ಭಾರತದ ಭಾಗವಿದೆ. ಅದರ 500 ತುಣುಕುಗಳಲ್ಲಿ 300 ಮಾತಿನವು.

ನನಗೆ ಹೆಚ್ಚು ನೆರವಾದದ್ದು ಗ್ಲೋಬ್. 20 ದೇಶಗಳ ಜಾಲತಾಣಗಳಿಂದ ತೆಗೆದ 190 ಕೋಟಿ ಪದಗಳ ಸಂಗ್ರಹವಿದು. ಹೆಸರು ನೋಂದಾಯಿಸಿದರೆ ಮಿತಿಯೊಳಗೆ ಉಚಿತವಾಗಿ ಹುಡುಕಬಹುದು. ‘ಪ್ರಿಪೋನ್’ ಎಂದು ಕೊಟ್ಟರೆ ಭಾರತ ಮತ್ತು ನೆರೆದೇಶಗಳ ಅಂಕಣ ತುಂಬಿಕೊಳ್ಳುತ್ತದೆ, ಅಮೆರಿಕ, ಬ್ರಿಟನ್‌ಗಳ ಅಂಕಣ ಸೊರಗುತ್ತದೆ. ಅಷ್ಟೊಂದು ಜನ ಒಂದೇ ರೀತಿ ಬಾಯ್ತಪ್ಪುತ್ತಾರೆಯೇ? ಆಕ್ಸ್‌ಫರ್ಡ್ ನಿಘಂಟು ಕೂಡ ಈ ಪದವನ್ನು ಭಾರತೀಯ ಬಳಕೆ ಎಂದು ಒಪ್ಪಿಕೊಂಡಿದೆ. ‘ಕಸಿನ್ ಬ್ರದರ್’ ಹುಟ್ಟಿಗೂ ಕಾರಣ ಇದೆ ಅನಿಸುತ್ತದೆ. ಚಿಕ್ಕಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ, ಸೋದರಮಾವನ ಮಗ ಭಾವನಾಗುತ್ತಾನೆ. ಬರೀ ‘ಕಸಿನ್’ ಅಂದರೆ ಹುಡುಗನೋ ಹುಡುಗಿಯೋ ಎಂಬುದೂ ತಿಳಿಯದು. ಕೊರತೆ ತುಂಬಲು ನಾವೇ ಒಂದು ಪದ ಸೇರಿಸಿಕೊಂಡೆವು.

ಎಣಿಸುವ ಮುನ್ನ

ಮೂರು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಸಂಗ್ರಹದಲ್ಲಿ ಯಾರ, ಯಾವ ವರ್ಷದ ಬರಹವಿದೆ ಎಂದು ಮೊದಲು ಓದಿ. ಎರಡು, ಗಾತ್ರ ನೋಡದೆ ಹೋಲಿಸಬೇಡಿ. ಪದವೊಂದು 10 ಲಕ್ಷದಲ್ಲಿ 5 ಸಲ, 10 ಕೋಟಿಯಲ್ಲಿ 50 ಸಲ ಬಂದರೆ, ಮೊದಲನೆಯದರಲ್ಲೇ ಬಳಕೆ ಹತ್ತು ಪಟ್ಟು ಹೆಚ್ಚು. ಮೂರು, ಉಚಿತ ಎಂದರೆ ಷರತ್ತಿಲ್ಲ ಎಂದಲ್ಲ. ಹಲವು ಸಂಗ್ರಹಗಳು ಓದು, ಸಂಶೋಧನೆಗೆ ಮಾತ್ರ ಮುಕ್ತ, ಮಾರಾಟಕ್ಕಲ್ಲ.

ಇಷ್ಟಾದರೂ ಕರಾವಳಿಯ ತುಳು, ಕೊಂಕಣಿ, ಬ್ಯಾರಿ ಬೆರೆತ ಇಂಗ್ಲಿಷ್ ಬೇಕೆಂದರೆ ಸಿದ್ಧ ಸಂಗ್ರಹ ನನ್ನ ಕೈಗೆ ಸಿಗಲಿಲ್ಲ. ಹಾಗಾಗಿ ಗೆಳೆಯರ ಒಪ್ಪಿಗೆ ಪಡೆದು ಅವರ ಪ್ರಬಂಧಗಳನ್ನು, ಹಳೆಯ ಕಾಲೇಜು ವಾರ್ಷಿಕ ಸಂಚಿಕೆಗಳ ಬರಹಗಳನ್ನು ಟೈಪ್ ಮಾಡುತ್ತಿದ್ದೇನೆ. ಬರೆದವರ ಹೆಸರು ತೆಗೆದು ವರ್ಷ ಮಾತ್ರ ಇಡುತ್ತೇನೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲೂ ಅಂಥ ಸಂಚಿಕೆಗಳು ದೂಳು ಹಿಡಿದು ಕುಳಿತಿರಬಹುದು. ಸಂಬಂಧಪಟ್ಟವರನ್ನು ಕೇಳಿ, ದಿನಕ್ಕೆರಡು ಪುಟ ಟೈಪ್ ಮಾಡಿ. ಯಾರಾದರೂ ನಗುವಾಗ ನಮ್ಮ ಕೈಯಲ್ಲಿ ಲೆಕ್ಕವಾದರೂ ಇರುತ್ತದೆ.