ಕಕ್ಕಡದಲ್ಲಿ ಕೆಂಪು ಸಾರು

ಕೊಡಗಿನಲ್ಲಿ ಕಕ್ಕಡವೆಂದರೆ ಮಳೆಯ ಮಾಸ. ಅದರ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗಳು ಕೂಡಿರುತ್ತವೆಂಬುದು ನಮ್ಮವರ ನಂಬಿಕೆ. ಸೊಪ್ಪನ್ನು ಕುದಿಸಿ ತೆಗೆದ ನೇರಳೆ ಬಣ್ಣದ ರಸದಿಂದ ಅಂದು ಪಾಯಸ ಮಾಡುತ್ತಾರೆ. ನನ್ನ ತಂಗಿ ಹುಟ್ಟಿದ್ದೂ ಅದೇ ದಿನ. ಹೀಗಾಗಿ ಅವಳ ಹುಟ್ಟುಹಬ್ಬಕ್ಕೆಂದು ಬೇರೆ ಸಿಹಿ ಮಾಡಿದ್ದೇ ಇಲ್ಲ. "ಊರಿಗೆಲ್ಲ ಮಾಡುವ ಪಾಯಸವೇ ನನಗೂ!" ಎಂದು ಚಿಕ್ಕಂದಿನಲ್ಲಿ ಅವಳು ಮುನಿಸಿಕೊಳ್ಳುತ್ತಿದ್ದುದೂ, ಕನ್ನಡಿಯಲ್ಲಿ ತನ್ನ ನೇರಳೆ ನಾಲಗೆಯನ್ನು ಕಂಡೊಡನೆ ಆ ಮುನಿಸು ನಗೆಯಾಗುತ್ತಿದ್ದುದೂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈ ವರ್ಷ ಅವಳು ಕೇಳಿದ್ದೇ ಬೇರೆ. "ಅವ್ವಾ, ಪಾಯಸದ ಜೊತೆಗೆ ಬೋರ್ಷ್ ಮಾಡೋಣ."

ಅವ್ವ ಮಾತಾಡಲಿಲ್ಲ. ಆ ಹೆಸರನ್ನು ನಮ್ಮ ಮನೆಯಲ್ಲಿ 2022ರಿಂದೀಚೆಗೆ ಯಾರೂ ಎತ್ತಿರಲಿಲ್ಲ.

ತಂಗಿ ವೈದ್ಯಕೀಯ ಓದಲು ಯುಕ್ರೇನಿನ ಖಾರ್ಕೀವ್ ನಗರಕ್ಕೆ ಹೋಗಿದ್ದಳು. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಆ ದೇಶದ ಮೇಲೆ ಎರಗಿತು. ಇಲ್ಲಿ ಗೋಣಿಕೊಪ್ಪಲಿನಲ್ಲಿ, ನೀರು ಹಾಯಿಸಿದ್ದ ನಮ್ಮ ತೋಟದಲ್ಲಿ ಕಾಫಿ ಹೂ ಬೆಳ್ಳಗೆ ಅರಳಿತ್ತು. ಅಲ್ಲಿ ಅವಳು ವಿದ್ಯಾರ್ಥಿನಿಲಯದ ನೆಲಮಾಳಿಗೆಯಲ್ಲಿದ್ದಳು. ನಿಲಯದ ಬಾಗಿಲು ಕಾಯುತ್ತಿದ್ದ ಮುದುಕಿಯೊಬ್ಬಳು ಗುಂಡಿನ ಸದ್ದಿನ ನಡುವೆಯೇ ಮೇಲೆ ಹೋಗಿ ಬೋರ್ಷ್ ಕುದಿಸಿ, ಪಾತ್ರೆಯನ್ನು ಎರಡು ಕೈಯಲ್ಲೂ ಹಿಡಿದು ಇಳಿದು ಬರುತ್ತಿದ್ದಳಂತೆ. ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ್ ಎಂಬ ವಿದ್ಯಾರ್ಥಿ, ಆಹಾರ ತರಲೆಂದು ಹೊರಗೆ ಹೋದವನು, ಅದೇ ನಗರದಲ್ಲಿ ದಾಳಿಗೆ ಬಲಿಯಾದ. ಮರುದಿನ, ಕಾಲ್ನಡೆಯಲ್ಲಾದರೂ ಖಾರ್ಕೀವ್ ಬಿಡಿರೆಂದು ಭಾರತದ ರಾಯಭಾರ ಕಚೇರಿ ಸಾರಿತು. ತಂಗಿ ನಡೆದಳು. ಅವಳು ಮನೆ ಸೇರಿದ ಮೇಲೆ ಅವ್ವ ಆ ನಾಡಿನ ಮಾತನ್ನೇ ಆಡಗೊಡಲಿಲ್ಲ.

ಆದರೂ ನಾನು ಸಂತೆಗೆ ಹೋಗಿ ಬೀಟ್‌ರೂಟು, ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್ಟು, ಸಬ್ಬಸಿಗೆ ತಂದೆ. ಬೋರ್ಷಿಗೆ ಕೊನೆಯಲ್ಲಿ ಉದುರಿಸುವ ಸೊಪ್ಪು ನಮ್ಮ ಸಬ್ಬಸಿಗೆಯೇ ಎಂದು ತಿಳಿದಾಗ ನನಗೆ ಅಚ್ಚರಿಯಾಯಿತು. ಹಂದಿಯ ಮೂಳೆ ಬೆಂದ ನೀರಿಗೆ ತಂಗಿ ತರಕಾರಿಗಳನ್ನು ಒಂದೊಂದಾಗಿ ಹಾಕಿದಳು. ಅಲ್ಲಿಯ ಹುಳಿಗೆನೆಗೆ ಬದಲಾಗಿ ಗಟ್ಟಿ ಮೊಸರನ್ನು ಇಟ್ಟುಕೊಂಡಳು. ಅಷ್ಟರಲ್ಲಿ ಅವ್ವ ಒಲೆಯ ಬಳಿ ಬಂದು ಇಣುಕಿದಳು.

"ಹುಳಿ ಸಾಲದು. ಹುಳಿ ಬೀಳದಿದ್ದರೆ ಬೀಟ್‌ರೂಟಿನ ಕೆಂಪು ನಿಲ್ಲುವುದಿಲ್ಲ" ಎಂದು ಕಾಚಂಪುಳಿಯ ಸೀಸೆ ತೆಗೆದು ನಾಲ್ಕು ಹನಿ ಬಿಟ್ಟಳು. ತಂಗಿ ರುಚಿ ನೋಡಿ ತಲೆ ತಗ್ಗಿಸಿ ಕುಳಿತಳು. "ಆ ಅಜ್ಜಿ ಇದ್ದಾಳೋ ಇಲ್ಲವೋ, ಅವ್ವಾ" ಎಂದಳು.

2022ರ ಜುಲೈ 1ರಂದು ಯುನೆಸ್ಕೊ ಸಂಸ್ಥೆಯು ಯುಕ್ರೇನಿನ ಬೋರ್ಷ್ ಅಡುಗೆಯ ಸಂಸ್ಕೃತಿಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಂದು ಸಾರಿಗೆ ಇಷ್ಟೊಂದು ಕಾವಲೇಕೆಂದು ಅಂದು ನಾನು ನಕ್ಕಿದ್ದೆ. ಕಾಪಾಡಬೇಕಾದದ್ದು ಬರಿಯ ಸಾರನ್ನಲ್ಲ, ಅದನ್ನು ಕುದಿಸುವ ಒಲೆಗಳನ್ನೂ ಸುತ್ತ ಕುಳಿತು ಉಣ್ಣುವವರನ್ನೂ ಎಂಬುದು ಈಗ ತಿಳಿಯಿತು.

ಊಟಕ್ಕೆ ಮುನ್ನ ಅವ್ವ ಬಾಳೆಲೆಯ ತುಂಡಿನಲ್ಲಿ ಪಾಯಸವನ್ನೂ ಬೋರ್ಷಿನಲ್ಲಿ ಬೆಂದ ತುಂಡುಗಳನ್ನೂ ಬಡಿಸಿಕೊಂಡು, ಹಿರಿಯರಿಗೆ ಮೀದಿ ಇಡುವಂತೆ, ದೀಪದ ಬಳಿಗೆ ಹೋದಳು. ತಂಗಿ ಗಾಬರಿಯಾಗಿ, "ಬೇಡವ್ವಾ, ಅಜ್ಜಿ ಬದುಕಿರಬಹುದು" ಎಂದಳು.

"ಬದುಕಿರಲಿ, ನೂರು ವರ್ಷ ಬದುಕಿರಲಿ" ಎಂದಳು ಅವ್ವ. "ಇದು ಆ ಹಾವೇರಿಯ ಹುಡುಗನಿಗೆ. ಅನ್ನ ತರಲು ಹೋದವನು ಹಸಿದೇ ಹೋದನಲ್ಲ."

ಹೊರಗೆ ಕಕ್ಕಡದ ಮಳೆ ಸುರಿಯುತ್ತಿತ್ತು. ನಾವು ಮೂವರೂ ಊಟಕ್ಕೆ ಕುಳಿತೆವು. ಅವ್ವ ಎರಡನೆಯ ಸಲವೂ ಬೋರ್ಷ್ ಬಡಿಸಿಕೊಂಡಳು.