ಹಿತ್ತಲಿನ ಒಂಟಿ ಜೇನು

ಗುಲಾಬಿ ಎಲೆಯ ಅಂಚನ್ನು ಬಳೆ ಇಟ್ಟು ಕತ್ತರಿಸಿದಂತೆ ಯಾರೋ ದುಂಡಗೆ ಒಯ್ದಿದ್ದರೆ, ಕೂಡಲೇ ಎಣ್ಣೆ ಹೊಡೆಯಲು ಹೋಗಬೇಡಿ. ಅದು ಹುಳು ತಿಂದದ್ದಲ್ಲ. ಎಲೆ ಕತ್ತರಿಸುವ ಜೇನಿನ ಕೆಲಸ. ಆ ತುಂಡುಗಳನ್ನು ಸುರುಳಿ ಸುತ್ತಿ ತೊಟ್ಟಿಲು ಮಾಡಿ, ಪರಾಗ–ಮಕರಂದ ಕಲಸಿದ ಬುತ್ತಿ ಇಟ್ಟು, ಮೇಲೊಂದು ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಇಲ್ಲಿ ರಾಣಿಯಿಲ್ಲ, ದಂಡಿಲ್ಲ, ನಮಗೆ ಕೊಡಲು ತುಪ್ಪವೂ ಇಲ್ಲ. ಎಲ್ಲ ಕೆಲಸ ಒಬ್ಬ ತಾಯಿಯದೇ. ಕಾಯಬೇಕಾದ ದೊಡ್ಡ ಹುಟ್ಟಿಲ್ಲದ್ದರಿಂದ ಅದು ಬೆನ್ನಟ್ಟಿ ಕಚ್ಚುವುದೂ ಇಲ್ಲ.

ಲಿಂಗಸುಗೂರು, ಮಸ್ಕಿಯ ಖುಷ್ಕಿ ಹೊಲಗಳಲ್ಲಿ ತೊಗರಿ ಹೂವಾದಾಗ ಈ ಜೇನುಗಳಿಗೆ ಸುಗ್ಗಿ. ಹೊಟ್ಟೆಯಡಿ ಹಳದಿ ಪರಾಗ ಮೆತ್ತಿಕೊಂಡು ಹೂವಿನಿಂದ ಹೂವಿಗೆ ಹಾರುವ ಇವು, ಕರ್‍ರಗಿನ ಗುಂಗಿ ಹುಳಗಳ ಜೊತೆ ತೊಗರಿಯ ಪರಾಗಸ್ಪರ್ಶಕ್ಕೆ ನೆರವಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರಿನ ಕಥೆ ಬೇರೆ. ಕಣ್ಣು ಹಾಯಿಸಿದಷ್ಟೂ ಭತ್ತ. ಭತ್ತದ ಹೂವಿನಲ್ಲಿ ಮಕರಂದವಿಲ್ಲ. ಅಂಥಲ್ಲಿ ನಾಲ್ಕು ಗಿಡದ ಹಿತ್ತಲೂ ಜೇನಿಗೆ ದೊಡ್ಡ ಆಸರೆ.

ಅದರ ಲಾಭ ನಮ್ಮ ತಾಟಿಗೂ ಬರುತ್ತದೆ. ಬದನೆ ಹೂವಿನ ಪರಾಗ ಕೇಸರದ ಒಳಗೆ ಅಡಗಿರುತ್ತದೆ. ಹೊರಬರಲು ತುದಿಯಲ್ಲಿ ಸಣ್ಣ ತೂತುಗಳಷ್ಟೇ. ಇನ್ನೊಂದು ಒಂಟಿ ಜೇನಾದ ನೀಲಿಪಟ್ಟೆಯ ಜೇನು ಹೂವನ್ನು ಅಪ್ಪಿ ಗುಂಯ್‌ಗುಟ್ಟುತ್ತ ಮೈ ನಡುಗಿಸಿದರೆ, ಜರಡಿ ಆಡಿಸಿದಂತೆ ಪರಾಗ ಉದುರುತ್ತದೆ. ತುಪ್ಪದ ಜೇನಿಗೆ ಈ ವಿದ್ಯೆ ಬರದು. ರೊಟ್ಟಿಯ ಜೊತೆಗಿನ ಎಣ್ಣೆಗಾಯಿಯಲ್ಲಿ ಈ ಒಂಟಿ ಜೇನಿನ ದುಡಿಮೆಯೂ ಇದೆ.

ಈ ಒಂಟಿ ಜೇನುಗಳಿಗೆ ಬೇಕಾದದ್ದು ಸ್ವಲ್ಪವೇ. ಎಲೆ ಕತ್ತರಿಸುವ ಜೇನಿಗೆ ಗೇಣುದ್ದದ, ಪೆನ್ಸಿಲ್ ಹೋಗುವಷ್ಟು ತೂತಿನ ಬಿದಿರ ತುಂಡುಗಳನ್ನು, ಒಂದು ತುದಿಯಲ್ಲಿ ಗಿಣ್ಣು ಉಳಿಸಿ ಕತ್ತರಿಸಿ. ಕಟ್ಟು ಕಟ್ಟಿ, ಮಳೆ ತಾಗದಂತೆ ಸಜ್ಜೆಯಡಿ ಮೂಡಣಕ್ಕೆ ಮುಖಮಾಡಿ ಇಡಿ. ನಮ್ಮ ಭಾಗದ ಮಧ್ಯಾಹ್ನದ ಬಿಸಿಲು ಗೂಡಿನ ಮರಿಯನ್ನು ಸುಟ್ಟೀತು. ಬಾಯಿ ಮುಚ್ಚಿದ ತುಂಡನ್ನು ಅಲುಗಾಡಿಸಬೇಡಿ. ನೀಲಿಪಟ್ಟೆಯ ಜೇನು ಗೂಡು ಕೊರೆಯುವುದು ಮಣ್ಣಿನಲ್ಲಿ, ಹಳೆಯ ಮಣ್ಣಿನ ಗೋಡೆಯಲ್ಲಿ. ಆದ್ದರಿಂದ ಅಂಗಳಕ್ಕೆಲ್ಲ ಸಿಮೆಂಟ್ ಬಳಿಯದೆ ಒಂದು ಮೂಲೆಯ ನೆಲವನ್ನು ಅಗೆಯದೆ ಬಿಡಿ. ತುಳಸಿಯ ಕದಿರನ್ನು ಚಿವುಟದೆ ಅರಳಲು ಬಿಡಿ, ನುಗ್ಗೆ ಹೂವನ್ನೆಲ್ಲ ಕೊಯ್ಯಬೇಡಿ. ಹೂವಿರುವ ಗಿಡಕ್ಕೆ ಎಣ್ಣೆ ಹೊಡೆಯಬೇಡಿ.

ಸಂಜೆ ಹಿತ್ತಲಿಗೆ ಹೋದಾಗ, ಒಣಗಿದ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು ಸಾಲಾಗಿ ಮಲಗಿದ ನೀಲಿಪಟ್ಟೆಯ ಗಂಡು ಜೇನುಗಳು ಕಂಡಾವು. ಅವಕ್ಕೆ ಮರಳಲು ಗೂಡಿಲ್ಲ. ರಾತ್ರಿಗೆ ಆ ಕಡ್ಡಿಯೇ ಮನೆ. ಕಸವೆಂದು ಕಿತ್ತೆಸೆಯುವ ಮುನ್ನ ಒಮ್ಮೆ ಬಗ್ಗಿ ನೋಡಿ.