ದಿನ ತುಂಬಿದ ಮೇಲೂ ನೋವು ಬಾರದಿದ್ದರೆ

ತಾಯಿ ಕಾರ್ಡಿನಲ್ಲಿ ಬರೆದ ತಾರೀಕು ದಾಟಿದರೆ ಸಾಕು, 'ಇನ್ನೂ ಆಗಿಲ್ವಾ?' ಎಂಬ ಫೋನುಗಳು ಶುರುವಾಗುತ್ತವೆ. ತುಂಬು ಬಸುರಿ ತನ್ನದೇ ಏನೋ ತಪ್ಪೆಂಬಂತೆ ಕುಗ್ಗುತ್ತಾಳೆ. ಹೇಳಿದ ತಾರೀಕಿಗೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ ಎಂಬುದನ್ನು ಅವಳಿಗೂ ಮನೆಯವರಿಗೂ ಮೊದಲೇ ತಿಳಿಸಬೇಕು.

ಈ ತಾರೀಕು ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸುವ ಲೆಕ್ಕಕ್ಕೆ ಜರ್ಮನಿಯ ಹೆರಿಗೆ ವೈದ್ಯ ಫ್ರಾಂಜ್ ನೇಗೆಲೆಯ ಹೆಸರಿದೆ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು ಹೊಂದುತ್ತದೆ. 35 ದಿನಕ್ಕೊಮ್ಮೆ ಆಗುವವಳ ನಿಜವಾದ ದಿನ ಸುಮಾರು ಒಂದು ವಾರ ಮುಂದಿರುತ್ತದೆ. ಮೊದಲ ಮೂರು ತಿಂಗಳೊಳಗೆ ಮಗುವಿನ ಉದ್ದ ಅಳೆಯುವ ಸ್ಕ್ಯಾನಿಂಗ್ ಹೆಚ್ಚು ನಂಬಿಕೆಗೆ ಅರ್ಹ. ಎಂಟನೇ ತಿಂಗಳ ವರದಿಯಲ್ಲಿ ಬೇರೆ ತಾರೀಕು ಕಂಡು ಗಾಬರಿಯಾಗುವವರು ಬಹಳ. ಆಗ ಒಂದೊಂದು ಮಗುವಿನ ಗಾತ್ರ ಒಂದೊಂದು ಥರ, ಮೊದಲು ಗೊತ್ತಾದ ತಾರೀಕನ್ನೇ ಹಿಡಿಯಬೇಕು. ಆ ಮೊದಲ ವರದಿಯನ್ನು ದಯವಿಟ್ಟು ಜೋಪಾನವಾಗಿಡಿ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು 41 ವಾರ ತುಂಬಿದಾಗ. ಮಾಸಿನ ಶಕ್ತಿ ತಗ್ಗಬಹುದು, ಗರ್ಭದ ನೀರು ಕಡಿಮೆಯಾಗಬಹುದು, ಮಗು ಒಳಗೇ ಮಲ ವಿಸರ್ಜಿಸಬಹುದು. ಸ್ವೀಡನ್ನಿನಲ್ಲಿ ಸುಮಾರು 2,760 ಆರೋಗ್ಯವಂತ ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ 41 ವಾರಕ್ಕೆ ನೋವು ಬರಿಸಿ, ಉಳಿದವರನ್ನು 42ರವರೆಗೆ ಕಾಯಿಸಿದರು. ಕಾದವರಲ್ಲಿ ಆರು ಶಿಶುಗಳು ತೀರಿಕೊಂಡವು, ಇನ್ನೊಂದು ಗುಂಪಿನಲ್ಲಿ ಒಂದೂ ಇಲ್ಲ. 2018ರಲ್ಲಿ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಅಪಾಯದ ಪ್ರಮಾಣ ಸಣ್ಣದೇ, ಆದರೆ ಕಳೆದುಕೊಂಡ ಮನೆಗೆ ಅದು ಸಣ್ಣದಲ್ಲ. 'ನೋವು ಬರಿಸಿದರೆ ಸಿಜೇರಿಯನ್ನೇ ಗತಿ' ಎನ್ನುವವರಿಗೂ ಅಲ್ಲಿ ಉತ್ತರವಿದೆ: ಎರಡೂ ಗುಂಪಿನಲ್ಲಿ ಸಿಜೇರಿಯನ್ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 41 ವಾರ ತುಂಬಿದ್ದು ಖಚಿತವಿದ್ದರೆ ನೋವು ಬರಿಸಬೇಕೆಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ವೈದ್ಯರು ಇನ್ನೂ ಮುಂಚೆಯೇ ಹೇಳಬಹುದು.

ಅಲ್ಲಿಯವರೆಗೆ ಮಗುವಿನ ಎದೆಬಡಿತ, ನೀರಿನ ಪ್ರಮಾಣ ನೋಡಿಸುತ್ತಿರಬೇಕು. ಹೆರಿಗೆಯಾಗಲೆಂದು ಹರಳೆಣ್ಣೆ ಕುಡಿಸಬೇಡಿ. ವಾಂತಿ ಭೇದಿಯಾಗಿ ಹೆರಿಗೆಗೆ ಮೊದಲೇ ಅವಳು ನಿತ್ರಾಣಳಾಗುತ್ತಾಳೆ. 'ದಿನ ಹತ್ತಿರ ಬಂದಾಗ ಕೂಸು ಒದೆಯುವುದು ಕಮ್ಮಿ' ಎಂಬ ಹಿರಿಯರ ಮಾತನ್ನು ಮಾತ್ರ ಖಂಡಿತ ನಂಬಬೇಡಿ. ಮಿಸುಕಾಟ ಕಡಿಮೆಯಾಯಿತು ಎಂದು ತಾಯಿಗೆ ಅನ್ನಿಸಿದರೆ, ನಡುರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.